ಧರ್ಮಗುರುಗಳು ಒಟ್ಟಿಗೆ ಕುಳಿತರೆ ಊರಿಗೆ ಏನು ಸಿಗುತ್ತದೆ?

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಮ್ಮೂರಿನಲ್ಲಿ ಭಗವತಿ ದೇವಸ್ಥಾನ, ಮಸೀದಿ, ಒಂದು ಸಣ್ಣ ಚರ್ಚ್ ಮೂರೂ ಒಂದೇ ರಸ್ತೆಯಲ್ಲಿವೆ. ಈಚೆಗೆ ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೊದಿಂದ ಹುಡುಗರ ನಡುವೆ ಮಾತಿಗೆ ಮಾತು ಬೆಳೆಯಿತು. ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗಲಿಲ್ಲ ಅಷ್ಟೆ. ಮೂರೂ ಧರ್ಮದ ಗುರುಗಳನ್ನು ಸೇರಿಸಿ ಒಂದು ಸೌಹಾರ್ದ ಸಮಿತಿ ಮಾಡಬೇಕೆಂದು ನಾವು ಕೆಲವರು ಯೋಚಿಸಿದ್ದೇವೆ. ಊರಿನ ಹಿರಿಯರೊಬ್ಬರು, ಸ್ವಾಮೀಜಿ, ಫಾದರ್, ಉಸ್ತಾದರು ಕೈಹಿಡಿದು ಫೋಟೊ ತೆಗೆಸಿಕೊಂಡರೆ ಏನೂ ಆಗುವುದಿಲ್ಲ, ಅವರವರ ಧರ್ಮ ಅವರವರಿಗೆ, ಬೆರೆಸುವುದು ಬೇಡ ಎನ್ನುತ್ತಾರೆ. ಇಂತಹ ಪ್ರಯತ್ನದಿಂದ ನಿಜಕ್ಕೂ ಪ್ರಯೋಜನ ಉಂಟೇ? ಯಾರನ್ನು ಕರೆಯಬೇಕು, ಎಲ್ಲಿಂದ ಆರಂಭಿಸಬೇಕು? ಸಮಿತಿಯನ್ನು ನೋಂದಾಯಿಸಬೇಕೇ?

ಉತ್ತರ: ನಿಮ್ಮ ಊರಿನ ಹಿರಿಯರ ಅನುಮಾನವನ್ನು ಬದಿಗೆ ಸರಿಸಬೇಡಿ, ಅದರಲ್ಲಿ ಹುರುಳಿದೆ. ವರ್ಷಕ್ಕೊಮ್ಮೆ ಸರ್ವಧರ್ಮ ಸಮ್ಮೇಳನ ನಡೆದು, ಶಾಲು ಹೊದೆಸಿ, ಹಾರ ಹಾಕಿ, ಎಲ್ಲರೂ ಶಾಂತಿಯ ಮಾತಾಡಿ ಚದುರಿದ ಮೇಲೆ ಊರಿನಲ್ಲಿ ಏನೂ ಬದಲಾಗದೆ ಉಳಿದದ್ದನ್ನು ಅವರು ಕಂಡಿರಬೇಕು. ಆದರೆ ಅವರ ಅನುಮಾನ ತಟ್ಟುವುದು ವೇದಿಕೆಯನ್ನು ಮಾತ್ರ, ಧರ್ಮಗುರುಗಳ ಶಾಂತಿಕಾರ್ಯವನ್ನಲ್ಲ. ಒಬ್ಬ ಉಸ್ತಾದರ ಮಾತಿಗೆ ದೇವಸ್ಥಾನದ ಅಂಗಳದಲ್ಲಿ ಚಪ್ಪಾಳೆ ಬೀಳಬಹುದು, ಅಲ್ಲಿ ಅವರ ಮಾತಿನಿಂದ ಯಾರ ನಡತೆಯೂ ಬದಲಾಗುವುದಿಲ್ಲ. ಅದೇ ಮಾತನ್ನು ಅವರು ಶುಕ್ರವಾರ ತಮ್ಮ ಮಸೀದಿಯಲ್ಲಿ, ಆ ಮಸೀದಿಗೆ ಸೇರಿದವರ ಕೂಟವಾದ ತಮ್ಮ ಜಮಾಅತ್‌ನ ಹುಡುಗರ ಮುಂದೆ ಆಡಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಫಾದರ್‌ಗೂ, ಸ್ವಾಮೀಜಿಗೂ, ದೇವಸ್ಥಾನದ ಹೊಣೆ ಹೊತ್ತ ಮನೆತನದ ಹಿರಿಯರಾದ ತಕ್ಕರಿಗೂ ಇದು ಸಲ್ಲುವ ಮಾತು. ಧರ್ಮಗುರುವಿಗೆ ಅಧಿಕಾರವಿರುವುದು ತನ್ನವರ ಮೇಲೆ. ಆದ್ದರಿಂದ ಶಾಂತಿಗಾಗಿ ಆತ ಮಾಡಬಹುದಾದ ದೊಡ್ಡ ಕೆಲಸವೂ ತನ್ನವರ ನಡುವೆಯೇ ಇದೆ. ನಿಮ್ಮ ಸಮಿತಿಯನ್ನು ಈ ಒಂದು ತಿಳಿವಳಿಕೆಯ ಮೇಲೆ ಕಟ್ಟಿದರೆ ಅದು ನಿಲ್ಲುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಜಗತ್ತಿನಲ್ಲಿ ಸಿಗುವ ಅತ್ಯಂತ ಗಟ್ಟಿಯಾದ ಉದಾಹರಣೆ ನೈಜೀರಿಯಾದ ಕಡೂನಾ ನಗರದ್ದು. ಅಲ್ಲಿನ ಇಮಾಮ್ ಮುಹಮ್ಮದ್ ಅಶಾಫಾ ಮತ್ತು ಪಾದ್ರಿ ಜೇಮ್ಸ್ ವುಯೆ ಇಂದು ಸೌಹಾರ್ದದ ಹೆಸರಿನಲ್ಲಿ ಪ್ರಸಿದ್ಧರು, ಆದರೆ 1992ರ ಗಲಭೆಗಳಲ್ಲಿ ಅವರಿಬ್ಬರೂ ಎದುರಾಳಿ ಗುಂಪುಗಳ ಮುಂದಾಳುಗಳಾಗಿದ್ದರು. ಆ ಹಿಂಸೆಯಲ್ಲಿ ವುಯೆ ತಮ್ಮ ಬಲಗೈಯನ್ನು ಕಳೆದುಕೊಂಡರು. ಅಶಾಫಾ ತಮ್ಮ ಗುರುವನ್ನೂ ಇಬ್ಬರು ದಾಯಾದಿ ಸೋದರರನ್ನೂ ಕಳೆದುಕೊಂಡರು. 1995ರಲ್ಲಿ ಒಬ್ಬ ಪತ್ರಕರ್ತರು ಇಬ್ಬರನ್ನೂ ಪರಸ್ಪರ ಪರಿಚಯಿಸಿದರೂ ಸ್ನೇಹ ತಕ್ಷಣ ಹುಟ್ಟಲಿಲ್ಲ. ಸೇಡಿನ ಆಸೆ ತಮ್ಮನ್ನು ಬಹುಕಾಲ ಬಿಟ್ಟುಹೋಗಲಿಲ್ಲ ಎಂದು ಪಾದ್ರಿಗಳೇ ಮುಂದೆ ಹೇಳಿಕೊಂಡಿದ್ದಾರೆ. ಇಮಾಮರ ಮನಸ್ಸು ತಿರುಗಿದ್ದು ಯಾವ ಶಾಂತಿ ಸಮ್ಮೇಳನದಲ್ಲೂ ಅಲ್ಲ, ಮಸೀದಿಯ ಶುಕ್ರವಾರದ ಪ್ರವಚನದಲ್ಲಿ ಕ್ಷಮೆಯ ಬಗ್ಗೆ ಕೇಳಿದ ಮಾತಿನಿಂದ. ವುಯೆಯವರ ತಾಯಿ ಕಾಯಿಲೆ ಬಿದ್ದಾಗ ಅಶಾಫಾ ನೋಡಲು ಹೋದರು. ಆ ಮೇಲಷ್ಟೇ ಇಬ್ಬರೂ ಸೇರಿ ಮಧ್ಯಸ್ಥಿಕೆಯ ಸಂಸ್ಥೆಯನ್ನು ಬೆಳೆಸಿದರು, ತಂತಮ್ಮ ಗುಂಪಿನ ಯುವಕರ ನಡುವೆ ಕೆಲಸಕ್ಕೆ ಇಳಿದರು. ತಮ್ಮವರಿಂದಲೇ ದ್ರೋಹಿ ಎನ್ನಿಸಿಕೊಳ್ಳುವ ಅಪಾಯ ಇಬ್ಬರಿಗೂ ಇತ್ತು, ಅದನ್ನು ಇಬ್ಬರೂ ಹೊತ್ತರು.

ಈ ಕಥೆಯ ಮುಂದಿನ ಭಾಗವನ್ನು ಭಾಷಣಕಾರರು ಸಾಮಾನ್ಯವಾಗಿ ಹೇಳುವುದಿಲ್ಲ, ನಿಮಗೆ ಅದು ತಿಳಿದಿರಬೇಕು. 2002ರ ಆಗಸ್ಟ್‌ನಲ್ಲಿ ಕಡೂನಾದ ಮುಸ್ಲಿಂ ಮತ್ತು ಕ್ರೈಸ್ತ ಮುಖಂಡರು ಶಾಂತಿ ಘೋಷಣೆಯೊಂದಕ್ಕೆ ಸಹಿ ಹಾಕಿದರು. ಅದೇ ವರ್ಷದ ನವೆಂಬರ್‌ನಲ್ಲಿ, ವಿಶ್ವಸುಂದರಿ ಸ್ಪರ್ಧೆಗೆ ಸಂಬಂಧಿಸಿ ಪತ್ರಿಕೆಯೊಂದರಲ್ಲಿ ಬಂದ ಬರಹದ ನೆಪದಲ್ಲಿ, ಅದೇ ನಗರದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸಹಿ ಮಾಡಿದ ಕಾಗದ ಮೂರು ತಿಂಗಳೂ ನಗರವನ್ನು ಕಾಯಲಿಲ್ಲ. ಹಾಗೆಂದು ಆ ಇಬ್ಬರು ಕೆಲಸ ಬಿಡಲಿಲ್ಲ, ಗಲಭೆಯ ಮರುದಿನದಿಂದಲೇ ಮತ್ತೆ ಮೊದಲು ಮಾಡಬೇಕಾಯಿತು. ನಿಮ್ಮ ಸಮಿತಿ ರಚನೆಯಾದ ಮರುತಿಂಗಳೇ ಊರಿನಲ್ಲಿ ಜಗಳವಾದರೆ, ಸಮಿತಿ ಸೋತಿತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಕಡೂನಾವನ್ನು ನೆನಪಿಟ್ಟುಕೊಳ್ಳಿ.

ನಮ್ಮ ನಾಡಿನ ಕಡೆಗೆ ಬಂದರೆ, 2017ರ ಜೂನ್‌ನಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ ಉಡುಪಿಯ ಕೃಷ್ಣಮಠದ ಆವರಣದಲ್ಲಿ ಮುಸ್ಲಿಮರಿಗೆ ಇಫ್ತಾರ್ ಏರ್ಪಡಿಸಿದ್ದನ್ನು ನೀವು ಕೇಳಿರಬಹುದು. ಆ ಘಟನೆಗೆ ಮಹತ್ವ ಬಂದದ್ದು ಅಲ್ಲಿ ಬಡಿಸಿದ ಖರ್ಜೂರ, ಹಣ್ಣುಗಳಿಂದಲ್ಲ. ರಾಮಜನ್ಮಭೂಮಿ ಚಳವಳಿಯ ಮುಂಚೂಣಿಯಲ್ಲಿದ್ದ, ಸಂಪ್ರದಾಯಸ್ಥ ಹಿಂದೂಗಳ ನಡುವೆ ಅಪಾರ ಗೌರವವಿದ್ದ ಯತಿಯೊಬ್ಬರು ಅದನ್ನು ಮಾಡಿದರು, ತಮ್ಮ ಕಡೆಯವರೇ ಬೀದಿಗಿಳಿದು ವಿರೋಧಿಸಿದಾಗ ಹಿಂದೆ ಸರಿಯದೆ ಬಹಿರಂಗವಾಗಿ ಸಮರ್ಥಿಸಿಕೊಂಡರು. ಅವರ ಎಲ್ಲ ನಿಲುವುಗಳನ್ನು ಒಪ್ಪದವರೂ ಈ ಒಂದು ವಿಷಯದಲ್ಲಿ ಅವರ ಮಾತಿಗೆ ಬೆಲೆಯಿತ್ತು ಎಂಬುದನ್ನು ಒಪ್ಪಬೇಕು. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಇನ್ನೊಂದು ದಾರಿ ಹಿಡಿದರು. ಮಠದ ಜಾತ್ರೆಯನ್ನು ನಡೆಸುವ ಸಮಿತಿಯೊಳಕ್ಕೆ ಬೇರೆ ಜಾತಿ, ಧರ್ಮದವರನ್ನು ಹೊಣೆಗಾರರನ್ನಾಗಿ ತಂದರು. ಒಂದು ದಿನ ಅತಿಥಿಯಾಗಿ ಬಂದು ಹೋಗುವವನಿಗೂ ಜಾತ್ರೆಯ ಲೆಕ್ಕಪತ್ರ, ನೀರು, ಪಾರ್ಕಿಂಗ್ ನೋಡಿಕೊಳ್ಳುವವನಿಗೂ ಇರುವ ಅಂತರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಯಾರನ್ನು ಕರೆಯಬೇಕೆಂಬ ನಿಮ್ಮ ಎರಡನೆಯ ಪ್ರಶ್ನೆ. ಕೊಡಗಿನಲ್ಲಿ ಇದು ಹೊರಗಿನವರಿಗೆ ತೋರುವಷ್ಟು ಸುಲಭವಾದ ಪ್ರಶ್ನೆಯಲ್ಲ, ಮತ್ತು ಬಹುಪಾಲು ಸೌಹಾರ್ದ ಸಭೆಗಳು ಎಡವುವುದು ಇಲ್ಲೇ. ಸೋಮವಾರಪೇಟೆ, ಕೊಡ್ಲಿಪೇಟೆಯ ಕಡೆ ವೀರಶೈವ ಮಠಗಳಿವೆ, ವಿರಾಜಪೇಟೆಯ ಬಳಿ ಅರಮೇರಿಯಲ್ಲೂ ಇದೆ. ಅಲ್ಲೆಲ್ಲ ಸ್ವಾಮೀಜಿಯವರ ಮಾತಿಗೆ ಮನ್ನಣೆಯಿದೆ. ಆದರೆ ಕೊಡವರ ಪರಂಪರೆಯಲ್ಲಿ ಮಠವೂ ಇಲ್ಲ, ಪೀಠವೂ ಇಲ್ಲ. ಮನೆತನದ ಮೂಲಪುರುಷನಾದ ಗುರುಕಾರಣನಿಗೆ ಮೀದಿ (ಎಡೆ) ಇಡುವುದು ಮನೆಯವರೇ, ಮದುವೆ ನಡೆಸುವುದು ಹಿರಿಯರೇ. ಊರಿನ ದೇವಸ್ಥಾನದ ವಿಷಯದಲ್ಲಿ ಮಾತು ನಡೆಯುವುದು ದೇವತಕ್ಕರದ್ದು, ಊರುತಕ್ಕರದ್ದು, ಈಗೀಗ ಆಡಳಿತ ಮಂಡಳಿಯ ಅಧ್ಯಕ್ಷರದ್ದು. ಅರೆಭಾಷೆ ಗೌಡ ಮನೆತನಗಳಲ್ಲೂ ಊರಿನ, ಮನೆತನದ ಹಿರಿಯರ ಮಾತಿಗೇ ಹೆಚ್ಚು ತೂಕ. ಹೀಗಿರುವಾಗ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಒಬ್ಬ ಹೆಸರಾಂತ ಸ್ವಾಮೀಜಿಯನ್ನು ಕರೆತಂದು ಹಿಂದೂಗಳ ಪ್ರತಿನಿಧಿ ಎಂದು ಕೂರಿಸಿದರೆ ಊರಿನವರು ಕೈಮುಗಿದು ಕೇಳಿಯಾರು, ಆದರೆ ಅದು ತಮ್ಮ ಊರಿನ ಮಾತು ಎಂದು ಅವರಿಗೆ ಅನ್ನಿಸುವುದಿಲ್ಲ.

ಮುಸ್ಲಿಮರ ಕಡೆಯೂ ಇಂತಹ ಒಳವಿವರಗಳಿವೆ. ಪ್ರವಚನ ನೀಡುವ ಖತೀಬರು ಅಥವಾ ಉಸ್ತಾದರು ಅನೇಕ ಕಡೆ ಕೇರಳದಿಂದ, ಇಲ್ಲವೇ ದಕ್ಷಿಣ ಕನ್ನಡದಿಂದ ಬಂದವರು. ಕೆಲವು ವರ್ಷ ಇದ್ದು ಬೇರೆ ಊರಿನ ಮಸೀದಿಗೆ ಹೋಗುತ್ತಾರೆ. ಊರಿನಲ್ಲಿ ಹುಟ್ಟಿ ಬೆಳೆದು, ಯಾರ ಗದ್ದೆ ಎಲ್ಲಿ, ಯಾರ ತೋಟದ ದಾರಿಯ ತಕರಾರು ಏನು ಎಂಬುದನ್ನೆಲ್ಲ ತಿಳಿದಿರುವವರು ಜಮಾಅತ್‌ನ ಅಧ್ಯಕ್ಷರು, ಕಾರ್ಯದರ್ಶಿಗಳು. ಕೊಡವ ಮಾಪಿಳ್ಳೆ ಮನೆತನಗಳಿದ್ದರಂತೂ, ಕೊಡವರ ಹಾಗೆಯೇ ಮನೆಹೆಸರು ಇಟ್ಟುಕೊಂಡು ಕೊಡವ ಭಾಷೆಯನ್ನೇ ಆಡುವ ಅವರ ಹಿರಿಯರಿಗಿಂತ ಒಳ್ಳೆಯ ಸೇತುವೆ ನಿಮಗೆ ಸಿಗಲಾರದು. ಆದ್ದರಿಂದ ಉಸ್ತಾದರು ಮತ್ತು ಜಮಾಅತ್ ಅಧ್ಯಕ್ಷರು ಇಬ್ಬರನ್ನೂ ಕರೆಯಿರಿ. ಚರ್ಚ್‌ನಲ್ಲೂ ಫಾದರ್‌ಗೆ ವರ್ಗಾವಣೆ ಇರುತ್ತದೆ. ಧರ್ಮಕೇಂದ್ರದ ಪಾಲನಾ ಸಮಿತಿಯವರು ಊರಿನಲ್ಲೇ ಇರುತ್ತಾರೆ. ಗುರುಗಳಿಂದ ಮಾತಿಗೆ ಧಾರ್ಮಿಕ ಬಲ ಬರುತ್ತದೆ, ಊರಿನವರಿಂದ ಅದು ಉಳಿದು ಬರುತ್ತದೆ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ತೊಡಕು ಇದೆ. ಮಸೀದಿಯಲ್ಲಿ ವಾರಕ್ಕೊಮ್ಮೆ, ಚರ್ಚ್‌ನಲ್ಲಿ ವಾರಕ್ಕೊಮ್ಮೆ ಜನ ಸೇರುತ್ತಾರೆ, ಒಬ್ಬರು ಎದ್ದು ನಿಂತು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ದೇವಸ್ಥಾನದಲ್ಲಿ ಈ ವ್ಯವಸ್ಥೆಯೇ ಇಲ್ಲ. ಅರ್ಚಕರ ಕೆಲಸ ಪೂಜೆ. ಜನ ಬಂದು ತೀರ್ಥಪ್ರಸಾದ ತೆಗೆದುಕೊಂಡು ಹೋಗುತ್ತಾರೆ, ಯಾರೂ ಯಾರಿಗೂ ಪ್ರವಚನ ಮಾಡುವುದಿಲ್ಲ. ಹೀಗಾಗಿ ಉಸ್ತಾದರು ವದಂತಿ ನಂಬಬೇಡಿ ಎಂದು ಒಂದೇ ಮಧ್ಯಾಹ್ನ ಇಡೀ ಜಮಾಅತ್‌ಗೆ ಹೇಳಿಬಿಡಬಹುದು, ಹಿಂದೂಗಳ ಕಡೆಯಿಂದ ಅಂತಹ ಒಂದು ಮಾತು ಹೋಗಬೇಕಾದರೆ ಅದಕ್ಕೆ ದಾರಿ ಹುಡುಕಬೇಕು. ಆ ಖಾಲಿ ಜಾಗವನ್ನು ಮೊಬೈಲ್‌ನಲ್ಲಿ ಬರುವ ಯಾರದೋ ಧ್ವನಿ ತುಂಬಿಬಿಡುತ್ತದೆ. ದೇವಸ್ಥಾನದ ವಾರ್ಷಿಕ ಮಹಾಸಭೆ, ಊರ ಹಬ್ಬಕ್ಕೆ ಮುಂಚಿನ ಸಭೆ, ಒಕ್ಕಗಳು ಅಂದರೆ ಕೊಡವ ಮನೆತನಗಳು ತಮ್ಮ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುವ ದಿನ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಆಟೋಟದ ಮೈದಾನ, ಸ್ತ್ರೀಶಕ್ತಿ ಸಂಘಗಳ ವಾರದ ಸಭೆ, ಇವೇ ಅಲ್ಲಿ ನಿಮಗಿರುವ ದಾರಿಗಳು. ತಕ್ಕರು ಇಂತಹ ಕಡೆ ಎರಡು ಮಾತು ಆಡಲು ಒಪ್ಪಿದರೆ ನಿಮ್ಮ ಸಮಿತಿಯ ಅರ್ಧ ಕೆಲಸ ಆಯಿತೆಂದೇ ತಿಳಿಯಿರಿ.

ಸಭೆ ಹೇಗೆ ನಡೆಯಬಾರದು ಎಂಬುದಕ್ಕೆ ನಾನು ಕಂಡ ಒಂದು ಶಾಂತಿ ಸಭೆಯನ್ನು ಹೇಳುತ್ತೇನೆ. ಗಣೇಶೋತ್ಸವಕ್ಕೆ ಮುಂಚೆ ಅಧಿಕಾರಿಗಳು ಕರೆದ ಸಭೆ ಅದು. ಉದ್ದನೆಯ ಮೇಜಿನ ಒಂದು ಬದಿ ಗಣೇಶೋತ್ಸವ ಸಮಿತಿಯವರು, ಇನ್ನೊಂದು ಬದಿ ಜಮಾಅತ್‌ನವರು, ಕೊನೆಯಲ್ಲಿ ಫಾದರ್. ಏನಾದರೂ ಸಮಸ್ಯೆ ಉಂಟೇ ಎಂದು ಕೇಳಿದ್ದಕ್ಕೆ ಎಲ್ಲರೂ ಒಂದೇ ಸ್ವರದಲ್ಲಿ ಇಲ್ಲ ಸಾರ್, ನಮ್ಮೂರಿನಲ್ಲಿ ಎಲ್ಲ ಅಣ್ಣ ತಮ್ಮಂದಿರ ಹಾಗೆ ಇದ್ದೇವೆ ಎಂದರು. ಟೀ ಬಂತು, ಬಿಸ್ಕತ್ತು ಬಂತು, ಪುಸ್ತಕದಲ್ಲಿ ಸಹಿಯಾಯಿತು. ಹೊರಗೆ ಮಳೆ ಜೋರಾಗಿದ್ದರಿಂದ ಯಾರೂ ಹೊರಡಲಾಗದೆ ಜಗಲಿಯಲ್ಲಿ ಕೊಡೆ ಹಿಡಿದು ನಿಂತರು. ನಿಜವಾದ ಸಭೆ ನಡೆದದ್ದು ಅಲ್ಲಿ. ಮೆರವಣಿಗೆ ಮಸೀದಿಯ ತಿರುವಿಗೆ ಬರುವುದು ಎಷ್ಟು ಗಂಟೆಗೆ ಎಂದು ಜಮಾಅತ್‌ನ ಕಾರ್ಯದರ್ಶಿ ಮೆಲ್ಲಗೆ ಕೇಳಿದರು. ಎಂಟು, ಎಂಟೂವರೆ ಎಂದರು ಉತ್ಸವ ಸಮಿತಿಯವರು. ಅದು ಇಶಾ ನಮಾಜಿನ ಹೊತ್ತು. ನಮ್ಮ ಹುಡುಗರು ಡೋಲು ನಿಲ್ಲಿಸು ಎಂದರೆ ಅಲ್ಲೇ ನಿಂತು ಇನ್ನೂ ಜೋರಾಗಿ ಬಾರಿಸುತ್ತಾರೆ ಅಣ್ಣ, ಅದು ನನ್ನ ಕಷ್ಟ ಎಂದರು ಉತ್ಸವ ಸಮಿತಿಯವರು. ಹಾಗಾದರೆ ನಾವು ಸಾಮೂಹಿಕ ನಮಾಜನ್ನು ಕಾಲು ಗಂಟೆ ಮುಂಚೆ ಮುಗಿಸುತ್ತೇವೆ, ನೀವು ಪೆಟ್ರೋಲ್ ಬಂಕಿನ ಹತ್ತಿರ ಹತ್ತು ನಿಮಿಷ ತಡೆಯಿರಿ, ಹುಡುಗರಿಗೆ ಅಲ್ಲಿ ಪಾನಕ ಕೊಡಿಸೋಣ ಎಂದರು ಕಾರ್ಯದರ್ಶಿ. ಇಬ್ಬರೂ ಫೋನ್ ನಂಬರ್ ಬರೆದುಕೊಂಡರು. ಒಳಗಿನ ಪುಸ್ತಕದಲ್ಲಿ ಇದರ ಒಂದು ಸಾಲೂ ದಾಖಲಾಗಲಿಲ್ಲ, ಮೆರವಣಿಗೆ ಮಾತ್ರ ಸುಗಮವಾಗಿ ಹೋಯಿತು. ನಿಮ್ಮ ಸಮಿತಿ ಆ ಜಗಲಿಯ ಮಾತು ನಡೆಯುವ ಜಾಗವಾಗಬೇಕು: ತಮ್ಮ ಕಡೆಯ ಕಷ್ಟವನ್ನು ಎದುರಿನವರ ಮುಂದೆ ಹೇಳಿಕೊಳ್ಳಲು ಸಾಧ್ಯವಾಗುವಷ್ಟು ಸಣ್ಣದಾಗಿ, ಅಧಿಕಾರಿಗಳೂ ಪತ್ರಕರ್ತರೂ ಇಲ್ಲದೆ.

ಮೊದಲ ಕೆಲಸವಾಗಿ ಕ್ಯಾಲೆಂಡರ್ ಹಿಡಿದು ಕೂರಿರಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಹಬ್ಬಗಳು ಒಂದರ ಮೇಲೊಂದು ಬೀಳುವುದು ಆಕಸ್ಮಿಕವಲ್ಲ, ವರ್ಷಗಳ ಮೊದಲೇ ಲೆಕ್ಕ ಹಾಕಬಹುದಾದ ಸಂಗತಿ. ಹಿಜರಿ ವರ್ಷ ಪೂರ್ತಿ ಚಾಂದ್ರಮಾನವಾದ್ದರಿಂದ ಅದು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ನಮ್ಮ ಪಂಚಾಂಗವೂ ತಿಂಗಳಿಗೆ ಚಂದ್ರನನ್ನೇ ಹಿಡಿಯುತ್ತದೆ, ಆದರೆ ಮೂರು ವರ್ಷಕ್ಕೊಮ್ಮೆ ಎಂಬಂತೆ ಅಧಿಕಮಾಸ ಸೇರಿಸಿ ಸರಿದೂಗಿಸಿಕೊಳ್ಳುತ್ತದೆ. ಹೀಗಾಗಿ ಎರಡು ಅಧಿಕಮಾಸಗಳ ನಡುವಿನ ವರ್ಷಗಳಲ್ಲಿ ಎರಡೂ ಕಡೆಯ ಹಬ್ಬಗಳು ಜೊತೆಜೊತೆಯಾಗಿಯೇ ಹಿಂದಕ್ಕೆ ಸರಿಯುತ್ತವೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, ಅದರ ಬೆನ್ನಿಗೇ ಈದುಲ್ ಫಿತ್ರ್; 2025ರಲ್ಲಿ ಯುಗಾದಿ ಮಾರ್ಚ್ 30, ಈದ್ ಮಾರ್ಚ್ 31; 2026ರಲ್ಲಿ ಯುಗಾದಿ ಮಾರ್ಚ್ 19, ಈದ್ ಅದರ ಒಂದೆರಡು ದಿನದ ಅಂತರದಲ್ಲಿ. 2026ರ ಅಧಿಕ ಜ್ಯೇಷ್ಠ ಕಳೆದ ಮೇಲೆ ಇವೆರಡು ದೂರವಾಗುತ್ತವೆ, ಬೇರೆ ಹಬ್ಬಗಳು ಹತ್ತಿರ ಬರುತ್ತವೆ. 2023ರಲ್ಲಿ ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಮತ್ತು ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದಾಗ ಮುಂಬೈಯ ಮುಸ್ಲಿಂ ಮುಖಂಡರು ಮಿಲಾದ್ ಮೆರವಣಿಗೆಯನ್ನು ಮರುದಿನಕ್ಕೆ ಮುಂದೂಡಿದರು. ಆ ನಿರ್ಧಾರವನ್ನು ಅವರು ತಮ್ಮವರಿಗೆ ಒಪ್ಪಿಸಬೇಕಾಗಿತ್ತು ಎಂಬುದನ್ನು ಗಮನಿಸಿ. ಒಪ್ಪಿಸಲು ಸಮಯ ಸಿಗುವುದು ಮುಂಚೆಯೇ ತಿಳಿದಿದ್ದಾಗ ಮಾತ್ರ.

ನಿಮ್ಮ ಊರಿಗೆ ವಿಶೇಷವಾದ ದಿನಗಳನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಊರ ಹಬ್ಬಕ್ಕೆ ದೇವರ ಕಟ್ಟು ಬಿದ್ದ ಮೇಲೆ ಆ ದಿನಗಳಲ್ಲಿ ಪ್ರಾಣಿವಧೆ, ಮರ ಕಡಿಯುವುದು, ಮದುವೆ ಮುಂತಾದವುಗಳಿಗೆ ತಡೆಯಿರುತ್ತದೆ. ಕಟ್ಟು ಯಾವ ದಿನ ಬೀಳುತ್ತದೆ, ಯಾವ ದಿನ ಸಡಿಲುತ್ತದೆ ಎಂಬುದು ಪಕ್ಕದ ಮುಸ್ಲಿಂ, ಕ್ರೈಸ್ತ ಮನೆಗಳಿಗೆ ಮೊದಲೇ ತಿಳಿದಿದ್ದರೆ ಅವರು ಮದುವೆಯ ದಿನ ಗೊತ್ತುಮಾಡುವಾಗ ನೋಡಿಕೊಳ್ಳುತ್ತಾರೆ. ಛತ್ರ ಬುಕ್ ಮಾಡಿ, ಆಮಂತ್ರಣ ಹಂಚಿದ ಮೇಲೆ ತಿಳಿದರೆ ಎರಡೂ ಕಡೆಗೆ ನೋವು. ಹಾಗೆಯೇ ಎಮ್ಮೆಮಾಡು ಉರೂಸಿನ ದಿನಗಳು, ರಂಜಾನ್ ತಿಂಗಳ ರಾತ್ರಿಗಳು, ಗುಡ್ ಫ್ರೈಡೆಯ ಶಿಲುಬೆ ಹಾದಿ, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವ ವಾಹನಗಳ ದಟ್ಟಣೆ, ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಗೊತ್ತಾಗುವ ಸುಗ್ಗಿಹಬ್ಬ ಹುತ್ತರಿಯ ಮುಹೂರ್ತ, ಎಲ್ಲವೂ ಅಲ್ಲಿರಲಿ. ಧ್ವನಿವರ್ಧಕದ ಬಗ್ಗೆ ವಾದಕ್ಕೆ ಅವಕಾಶ ಕೊಡಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಎಂಬ ನಿಯಮ 2000ನೇ ಇಸವಿಯಿಂದ ಇದೆ, ಮೂರೂ ಕಡೆಗೂ ಒಂದೇ. ತಮ್ಮ ಕಡೆ ಅದನ್ನು ಪಾಲಿಸುವ ಹೊಣೆ ಆಯಾ ಗುರುಗಳದ್ದು ಎಂದು ಬರೆದುಕೊಳ್ಳಿ.

ಧರ್ಮಗಳನ್ನು ಬೆರೆಸುವುದು ಬೇಡ ಎಂಬ ಹಿರಿಯರ ಇನ್ನೊಂದು ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಅದು ನಿಮ್ಮ ಪ್ರಯತ್ನಕ್ಕೆ ಅಡ್ಡಿಯೂ ಅಲ್ಲ. 1986ರ ಅಕ್ಟೋಬರ್ 27ರಂದು ಪೋಪ್ ಎರಡನೆಯ ಜಾನ್ ಪಾಲ್ ಇಟಲಿಯ ಅಸ್ಸೀಸಿಗೆ ಜಗತ್ತಿನ ಧರ್ಮಗುರುಗಳನ್ನು ಆಹ್ವಾನಿಸಿದಾಗ ಇದೇ ಆಕ್ಷೇಪ ಬಂದಿತ್ತು. ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು: ಎಲ್ಲರೂ ಸೇರಿ ಒಂದೇ ಪ್ರಾರ್ಥನೆ ಹೇಳಲಿಲ್ಲ, ಒಂದೊಂದು ಧರ್ಮದವರೂ ಆ ಊರಿನ ಬೇರೆ ಬೇರೆ ಕಡೆಗಳಲ್ಲಿ ತಮ್ಮ ಕ್ರಮದಲ್ಲಿ ಪ್ರಾರ್ಥಿಸಿ ಆ ಮೇಲೆ ಒಂದೆಡೆ ಸೇರಿದರು. ಎಲ್ಲ ಧರ್ಮಗಳೂ ಒಂದೇ ಎಂದು ಘೋಷಿಸುವಂತೆ ಯಾರನ್ನೂ ಒತ್ತಾಯಿಸಬೇಡಿ. ಹಾಗೆ ನಂಬುವವರಿಗೆ ಗೌರವವಿರಲಿ, ಆದರೆ ಹಾಗೆ ನಂಬದ ಉಸ್ತಾದರೂ ಫಾದರೂ ತಕ್ಕರೂ ನೆರೆಹೊರೆಯವರಾಗಿ ಚೆನ್ನಾಗಿ ಬದುಕಬಲ್ಲರು, ಬದುಕುತ್ತಲೂ ಇದ್ದಾರೆ. ಉದ್ಘಾಟನೆಗೆ ದೀಪ ಬೆಳಗಿಸಲು ಉಸ್ತಾದರು ಹಿಂಜರಿದರೆ ಅದನ್ನು ಅಗೌರವವೆಂದು ತಿಳಿಯಬೇಡಿ; ದೀಪವನ್ನೇ ಇಡದೆ ನೇರವಾಗಿ ಮಾತಿಗೆ ಕುಳಿತರೆ ಯಾರಿಗೂ ಮುಜುಗರವಿಲ್ಲ. ಊಟದ ವಿಷಯದಲ್ಲೂ ಹಾಗೆಯೇ. ಕೊಡಗಿನಲ್ಲಿ ಒಬ್ಬರ ಹಬ್ಬದ ಅಡಿಗೆ ಇನ್ನೊಬ್ಬರಿಗೆ ನಿಷಿದ್ಧ, ಮತ್ತೊಬ್ಬರು ಮಾಂಸವನ್ನೇ ಮುಟ್ಟದವರು. ಸಮಿತಿಯ ಸಭೆಗೆ ಉಪ್ಪಿಟ್ಟು, ಕಾಫಿ ಸಾಕು. ಹಬ್ಬದ ಊಟಕ್ಕೆ ಮನೆಮನೆಗಳಲ್ಲಿ ಕರೆಯುವ ಪದ್ಧತಿ ಮೊದಲಿಂದ ಇದ್ದರೆ ಅದು ತನ್ನ ಪಾಡಿಗೆ ನಡೆಯಲಿ.

ಕೊಡಗಿನಲ್ಲಿ ಸೌಹಾರ್ದದ ಮಾತು ಬಂದಾಗಲೆಲ್ಲ ಇತಿಹಾಸವೂ ಹಿಂಬಾಲಿಸಿ ಬರುತ್ತದೆ. ಟಿಪ್ಪುವಿನ ದಂಡಯಾತ್ರೆಗಳ ನೆನಪು ಇಲ್ಲಿನ ಮನೆತನಗಳಲ್ಲಿ ಇನ್ನೂ ಹಸಿಯಾಗಿದೆ; 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ಸಂದರ್ಭದಲ್ಲಿ ಮಡಿಕೇರಿಯಲ್ಲಿ ಘರ್ಷಣೆಯಾಗಿ ಜೀವಗಳು ಹೋದದ್ದನ್ನು ಯಾರೂ ಮರೆತಿಲ್ಲ. ನಿಮ್ಮ ಸಮಿತಿ 18ನೆಯ ಶತಮಾನದ ತೀರ್ಪು ಕೊಡಲು ಹೋಗಬಾರದು. ಅದು ಇತಿಹಾಸಕಾರರ ಕೆಲಸ, ಮನೆತನಗಳ ನೋವನ್ನು ಒಂದು ನಿರ್ಣಯದಿಂದ ಅಳಿಸಲೂ ಆಗದು. ಧರ್ಮಗುರು ಹೇಳಬಹುದಾದದ್ದು, ಹೇಳಲೇಬೇಕಾದದ್ದು ಒಂದೇ: ಅಂದು ನಡೆದುದಕ್ಕೆ ಇಂದು ಪಕ್ಕದ ಮನೆಯಲ್ಲಿರುವವನು ಹೊಣೆಯಲ್ಲ. ಅದೇ ಕಾಲದ ಇನ್ನೊಂದು ಸಂಗತಿಯನ್ನೂ ನಿಮ್ಮ ಮಕ್ಕಳಿಗೆ ಹೇಳಿ. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ ಕೊಡಗಿನ ವೀರಶೈವ ಅರಸನಾದ ದೊಡ್ಡವೀರರಾಜೇಂದ್ರ ತಾನು ಕಟ್ಟಿಸಿದ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮ ಚರ್ಚ್ 1792ರಷ್ಟು ಹಳೆಯದು. ಮಡಿಕೇರಿಯಲ್ಲಿ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ಗುಮ್ಮಟವೂ ನಾಲ್ಕು ಮೂಲೆಗೆ ಮಿನಾರುಗಳೂ ಇವೆ. ಆದರೆ ಗುಮ್ಮಟವನ್ನು ತೋರಿಸಿ ನಾವು ಮೊದಲಿಂದಲೂ ಸೌಹಾರ್ದದವರು ಎಂದು ಭಾಷಣ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಅರಸರು ಕಟ್ಟಿಸಿದ್ದು ಅವರ ಕೆಲಸ, ನೆರೆಹೊರೆ ನಡೆಸುವುದು ನಮ್ಮದು.

ಆ ನೆರೆಹೊರೆಯನ್ನು ಕೊಡಗು ಇತ್ತೀಚೆಗೆ ಕಂಡದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದು ಸಾವಿರಾರು ಜನ ಮನೆ ಬಿಟ್ಟಾಗ ಕೊಡವ ಸಮಾಜ, ಗೌಡ ಸಮಾಜ, ಮದರಸಾ, ಚರ್ಚ್‌ನ ಶಾಲೆ, ದೇವಸ್ಥಾನದ ಸಭಾಂಗಣ ಯಾವುದೆಂದು ನೋಡದೆ ಬಾಗಿಲು ತೆರೆದವು. ಅಂತಹ ಒಂದು ಸಭಾಂಗಣದಲ್ಲಿ ನಾನು ನೋಡಿದ ದೃಶ್ಯ ಇಂದಿಗೂ ಕಣ್ಣ ಮುಂದಿದೆ. ಒಂದೇ ಗ್ಯಾಸ್ ಒಲೆ, ಅದರ ಮೇಲೆ ಗಂಜಿ. ಒದ್ದೆಯಾದ ಕಂಬಳಿಗಳನ್ನು ಬೆಂಚುಗಳ ಮೇಲೆ ಹರಡಿದ್ದರು. ವಯಸ್ಸಾದ ಕೊಡವತಿಯೊಬ್ಬರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಹೋಗಿದೆ ಎಂದು ತಿಳಿದು, ಪಕ್ಕದಲ್ಲಿ ಮಲಗಿದ್ದ ಬ್ಯಾರಿ ಹೆಂಗಸು ತನ್ನ ಅತ್ತೆಯ ಚೀಟಿ ತೆಗೆದು ಸಿಸ್ಟರ್ ಒಬ್ಬರಿಗೆ ತೋರಿಸಿ, ಎರಡೂ ಒಂದೇ ಮಾತ್ರೆಯೇ ಎಂದು ಕೇಳಿ ಖಚಿತಪಡಿಸಿಕೊಂಡು ಕೊಡುತ್ತಿದ್ದಳು. ಯಾರಿಗೆ ಯಾವ ಊಟ ಆಗುವುದಿಲ್ಲ, ಯಾರಿಗೆ ಯಾವ ಹೊತ್ತಿಗೆ ಬಿಸಿನೀರು, ನಮಾಜಿಗೆ ಯಾವ ಮೂಲೆ ಎಂಬುದನ್ನೆಲ್ಲ ನಿಶ್ಚಯಿಸಿದವರು ಅಲ್ಲಿದ್ದ ಹೆಂಗಸರು.

ಆದ್ದರಿಂದ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತನ್ನು ನಾನೇ ಸೇರಿಸುತ್ತೇನೆ. ಸ್ವಾಮೀಜಿ, ಫಾದರ್, ಉಸ್ತಾದರು, ತಕ್ಕರು ಎಂದಾಗ ಎಲ್ಲರೂ ಗಂಡಸರೇ. ಹೆಂಗಸರಿಲ್ಲದ ಸಮಿತಿಗೆ ಮನೆಗಳೊಳಗೆ ಏನು ನಡೆಯುತ್ತಿದೆ ಎಂಬುದು ತಿಳಿಯುವುದೇ ಇಲ್ಲ. ಲೈಬೀರಿಯಾ ದೇಶದಲ್ಲಿ 2003ರಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಮಹಿಳೆಯರು ಒಟ್ಟಾಗಿ, ಬಿಳಿ ಉಡುಪಿನಲ್ಲಿ ದಿನದಿನವೂ ಧರಣಿ ಕುಳಿತು, ಯುದ್ಧದಲ್ಲಿದ್ದವರು ಶಾಂತಿ ಮಾತುಕತೆಗೆ ಹೋಗುವಂತೆ ಒತ್ತಡ ಹೇರಿದರು. ಅವರನ್ನು ಮುನ್ನಡೆಸಿದ ಲೇಮಾ ಗ್ಬೋವಿ ಅವರಿಗೆ 2011ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಿಮ್ಮೂರಿನಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಶಾಲೆ ನಡೆಸುವ ಸಿಸ್ಟರ್‌ಗಳು, ನಿಮ್ಮಂತಹ ಶಿಕ್ಷಕಿಯರು ಇದ್ದೀರಿ. ಸಮಿತಿಯಲ್ಲಿ ಅರ್ಧದಷ್ಟಾದರೂ ನೀವಿರಬೇಕು. ತೋಟದ ಲೈನ್ ಮನೆಗಳಲ್ಲಿ ಇರುವ ಹೊರರಾಜ್ಯದ ಕಾರ್ಮಿಕರನ್ನೂ ನೆನಪಿಡಿ; ಊರಿನಲ್ಲಿ ಏನಾದರೂ ಆದರೆ ಅನುಮಾನ ಮೊದಲು ಹೋಗುವುದು ಅವರ ಕಡೆಗೆ, ಅವರ ಪರವಾಗಿ ಮಾತಾಡಲು ತಕ್ಕರೂ ಇಲ್ಲ, ಜಮಾಅತ್ ಅಧ್ಯಕ್ಷರೂ ಇಲ್ಲ.

ಈಗ ನಿಮ್ಮನ್ನು ಕಾಡಿದ ಆ ವಿಡಿಯೊದ ವಿಷಯ. ಇಂತಹದು ಮತ್ತೆ ಬರುತ್ತದೆ. ಬಂದ ಮೊದಲ ಒಂದೆರಡು ಗಂಟೆಗಳಲ್ಲೇ ಕೆಲಸವಾಗಬೇಕು, ಆ ಹೊತ್ತಿನಲ್ಲಿ ಸಭೆ ಕರೆಯಲು ಆಗುವುದಿಲ್ಲ. ಅದಕ್ಕೇ ಪ್ರತಿಯೊಂದು ಕಡೆಯಿಂದ ಇಬ್ಬರ ಫೋನ್ ನಂಬರ್ ಉಳಿದವರ ಬಳಿ ಇರಬೇಕು, ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತೇನೆ ಎಂಬ ಮಾತು ಆಗಿರಬೇಕು. ವಿಡಿಯೊ ಎಲ್ಲಿಯದು, ಯಾವ ವರ್ಷದ್ದು ಎಂದು ನೋಡುವ ಕೆಲಸವನ್ನು ನಿಮ್ಮ ಶಾಲೆಯ ಕಂಪ್ಯೂಟರ್ ಬಲ್ಲ ಒಬ್ಬರು ಮಾಡಲಿ. ಆದರೆ ಅದು ಸುಳ್ಳು ಎಂಬ ಸಂದೇಶ ಯಾರ ಕಡೆಯಿಂದ ಹೋಗಬೇಕು ಎಂಬುದೇ ಮುಖ್ಯ: ಹಿಂದೂ ಹುಡುಗರ ಗುಂಪಿಗೆ ದೇವಸ್ಥಾನದ ಅಧ್ಯಕ್ಷರ ಧ್ವನಿಯಲ್ಲಿ, ಮುಸ್ಲಿಂ ಹುಡುಗರ ಗುಂಪಿಗೆ ಉಸ್ತಾದರ ಧ್ವನಿಯಲ್ಲಿ ಹೋಗಬೇಕು. ಅದಲುಬದಲಾದರೆ ಉರಿ ಹೆಚ್ಚುತ್ತದೆ. ವಿಡಿಯೊ ನಿಜವೇ ಆಗಿದ್ದು ನಿಮ್ಮೂರಿನವರೇ ತಪ್ಪು ಮಾಡಿದ್ದರೆ ಅದನ್ನು ಮುಚ್ಚಬೇಡಿ. ಧರ್ಮಗಳ ನಡುವೆ ದ್ವೇಷ ಹುಟ್ಟಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮಿನ ಪ್ರಕಾರ, ಧಾರ್ಮಿಕ ಭಾವನೆಗೆ ಬೇಕೆಂದೇ ಘಾಸಿ ಮಾಡುವುದು 299ನೆಯ ಕಲಮಿನ ಪ್ರಕಾರ ಅಪರಾಧ. ತಪ್ಪಿತಸ್ಥನ ಕಡೆಯ ಗುರುಗಳೇ ಮೊದಲು ಖಂಡಿಸಿದರೆ ಎದುರು ಕಡೆಯ ಸಿಟ್ಟು ಎಷ್ಟು ಬೇಗ ಇಳಿಯುತ್ತದೆ ಎಂಬುದು ಅನುಭವಕ್ಕೆ ಬಂದವರಿಗೇ ಗೊತ್ತು. ತಮ್ಮವನೆಂದು ಸುಮ್ಮನಿರುವುದು, ಕಾನೂನು ನೋಡಿಕೊಳ್ಳಲಿ ಎನ್ನುವುದು ಎರಡೂ ಹೊಣೆಗೇಡಿತನವೇ.

ನೋಂದಣಿಯ ಬಗ್ಗೆ ಕೇಳಿದ್ದೀರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು, ಕಷ್ಟವೇನಿಲ್ಲ. ಆದರೂ ಮೊದಲ ವರ್ಷ ಅದರ ಗೋಜಿಗೆ ಹೋಗಬೇಡಿ ಎಂಬುದು ನನ್ನ ಸಲಹೆ. ನೋಂದಣಿಯಾದೊಡನೆ ಅಧ್ಯಕ್ಷರು ಯಾರು, ಯಾವ ಧರ್ಮದವರು, ಖಾತೆಗೆ ಸಹಿ ಯಾರದ್ದು ಎಂಬ ಪ್ರಶ್ನೆಗಳು ಏಳುತ್ತವೆ, ಶುರುವಿನ ವಿಶ್ವಾಸ ಅದರಲ್ಲೇ ಕರಗಿಹೋಗುತ್ತದೆ. ಎರಡು ತಿಂಗಳಿಗೊಮ್ಮೆ, ಒಮ್ಮೆ ದೇವಸ್ಥಾನದ ಕಚೇರಿಯಲ್ಲಿ, ಒಮ್ಮೆ ಮದರಸಾದಲ್ಲಿ, ಒಮ್ಮೆ ಚರ್ಚ್‌ನ ಕೋಣೆಯಲ್ಲಿ ಸೇರಿ. ಯಾರ ಜಾಗವೋ ಅಂದಿನ ಕಾಫಿ ಅವರದ್ದು, ಆಗ ಹಣದ ಪ್ರಶ್ನೆಯೇ ಬರುವುದಿಲ್ಲ. ಸಾರ್ವಜನಿಕ ಕಾರ್ಯಕ್ರಮ ಬೇಕೇಬೇಕು ಎನ್ನುವವರಿದ್ದರೆ ವಿಶ್ವಸಂಸ್ಥೆ 2010ರಲ್ಲಿ ಸರ್ವಧರ್ಮ ಸೌಹಾರ್ದಕ್ಕೆಂದು ಗೊತ್ತುಮಾಡಿದ ಫೆಬ್ರವರಿಯ ಮೊದಲ ವಾರವಿದೆ, ಮಳೆಯೂ ಇರುವುದಿಲ್ಲ. ತೋಟಗಳಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ ಇರುವುದರಿಂದ ಅದನ್ನು ಭಾನುವಾರ ಸಂಜೆಗೆ ಇಟ್ಟುಕೊಳ್ಳಿ. ಉಸ್ತಾದರನ್ನೂ ಫಾದರನ್ನೂ ಮೊದಲ ಬಾರಿ ಆಹ್ವಾನಿಸಲು ಪತ್ರ ಕಳಿಸದೆ ಖುದ್ದಾಗಿ ಹೋಗಿ, ಹೋಗುವಾಗ ನಿಮ್ಮ ಜೊತೆಗೆ ತಕ್ಕರನ್ನು ಕರೆದುಕೊಂಡು ಹೋಗಿ. ಆ ಅನುಮಾನದ ಹಿರಿಯರು ಬರಲು ಒಪ್ಪಿದರೆ ಅವರನ್ನೂ.